ಒಂದು ಎಳೆ ಹರಿದರೆ ಗ್ಲಾಸೇ ಬದಲಿಸಬೇಕೆ?

ಮಿರಗದ ಮಳೆ ಹಿಡಿಯುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪ್ರಶ್ನೆಗಳೂ ಬದಲಾಗುತ್ತವೆ. ಬೇಸಿಗೆ ಪೂರ್ತಿ ಎ.ಸಿ. ತಂಪಾಗುತ್ತಿಲ್ಲ ಎಂದು ಕೇಳಿದವರೇ ಈಗ ಬೇರೆ ರಾಗ ತೆಗೆಯುತ್ತಾರೆ. "ಡಿಫಾಗರ್ ಬಟನ್ ಒತ್ತಿದ್ರ ದೀಪ ಹತ್ತತೈತ್ರಿ, ಹಿಂದಿನ ಗ್ಲಾಸಿನ ಮಬ್ಬು ಮಾತ್ರ ಹಂಗ ಐತಿ." ಅದರ ಬೆನ್ನಿಗೇ ಎರಡನೇ ಮಾತು: "ಗ್ಯಾರೇಜಿನವ್ರು ಗ್ಲಾಸ್ ಹೋಗೇತಿ, ಹೊಸಾದು ಹಾಕಸ್ರಿ ಅಂತಾರ. ಹಾಕಸಬೇಕೇನ್ರಿ?" ನೂರಕ್ಕೆ ನೂರು ಎಂದು ಹೇಳಲಾರೆ, ಆದರೆ ಹೆಚ್ಚಿನ ಸಲ ನನ್ನ ಉತ್ತರ ಒಂದೇ: ಸ್ವಲ್ಪ ತಡೀರಿ. ಗಾಜು ಒಡೆದಿಲ್ಲ ಅಂದಮೇಲೆ ಗಾಜಿಗೆ ಕೈ ಹಾಕುವುದು ಕಡೆಯ ಕೆಲಸ.

ಈ ಪ್ರಶ್ನೆ ಗರಗ, ತೇಗೂರು, ಕೋಟೂರಿನ ಕಡೆಯಿಂದ ಹೆಚ್ಚು ಬರುವುದರಲ್ಲಿ ಆಶ್ಚರ್ಯವೇನಿಲ್ಲ. ಧಾರವಾಡ–ಬೆಳಗಾವಿ ಹೆದ್ದಾರಿ ಪಕ್ಕದಲ್ಲೇ ಇದೆ. ಬೇಲೂರು ಕೈಗಾರಿಕಾ ಪ್ರದೇಶಕ್ಕೆ ಹೋಗಿಬರುವ ಲಾರಿಗಳು, ಬಸ್ಸುಗಳು ನಮ್ಮ ಸಣ್ಣ ಕಾರುಗಳ ಬೆನ್ನಿಗೇ ಅಂಟಿಕೊಂಡಂತೆ ಬರುತ್ತವೆ. ಆರಿದ್ರಾ, ಪುನರ್ವಸು ಮಳೆ ಜಿಟಿಜಿಟಿ ಹಿಡಿದಾಗ ಒಳಗಿನ ಕನ್ನಡಿಯಲ್ಲಿ ಹಿಂದೆ ನೋಡಿದರೆ ಕಾಣುವುದು ಬರೀ ಬಿಳುಪು. ಚಳಿಗಾಲದಲ್ಲಿ ಇದೇ ಕಥೆಯ ಇನ್ನೊಂದು ಅಧ್ಯಾಯ. ರಾತ್ರಿಯಿಡೀ ಅಂಗಳದಲ್ಲಿ ನಿಂತ ಕಾರಿನ ಮೇಲೆ ಇಬ್ಬನಿ ಕೂತಿರುತ್ತದೆ, ಬೆಳಗಿನ ಜಾವ ಧಾರವಾಡಕ್ಕೆ ಹೊರಟವರು ಮುಂದಿನ ಗಾಜು ಮಾತ್ರ ಒರೆಸಿ ಹೊರಡುತ್ತಾರೆ.

ಮುಂದಿನ ಗಾಜಿನ ಮಬ್ಬು ಎ.ಸಿ. ಗಾಳಿಗೆ ಹೋಗುತ್ತದೆ, ಹಿಂದಿನದೇಕೆ ಹೋಗುವುದಿಲ್ಲ ಎಂದು ಕೇಳುವವರಿದ್ದಾರೆ. ಗಾಳಿಯ ಕಿಂಡಿಗಳೆಲ್ಲ ಇರುವುದು ಮುಂದೆ. ಎ.ಸಿ. ಒಳಗಿನ ಗಾಳಿಯ ತೇವವನ್ನು ಹೀರಿ ನೀರಾಗಿ ಕಾರಿನ ಕೆಳಗೆ ತೊಟ್ಟಿಕ್ಕಿಸುತ್ತದೆ, ಒಣಗಿದ ಗಾಳಿಯನ್ನು ನೇರವಾಗಿ ಮುಂದಿನ ಗಾಜಿಗೆ ಬೀಸುತ್ತದೆ. ಹಿಂದಿನ ಗಾಜಿಗೆ ಸಿಗುವುದು ಮುಂದಿನವರು ಉಸಿರಾಡಿ ಬಿಟ್ಟ ಗಾಳಿ. ಸುಮ್ಮನೆ ಕೂತ ಒಬ್ಬ ಮನುಷ್ಯ ಉಸಿರು, ಬೆವರಿನ ಮೂಲಕ ಗಂಟೆಗೆ ಹೆಚ್ಚುಕಡಿಮೆ 40-50 ಗ್ರಾಂ ನೀರು ಹೊರಹಾಕುತ್ತಾನೆ. ನಾಲ್ಕು ಜನ ಕಿಟಕಿ ಮುಚ್ಚಿಕೊಂಡು ಹೊರಟರೆ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಒಂದು ಲೋಟದಷ್ಟು ನೀರು ಕಾರಿನೊಳಗಿನ ಗಾಳಿಗೆ ಸೇರಿರುತ್ತದೆ. ಅದರ ಮೇಲೆ ತೊಯ್ದ ಕೊಡೆ, ತೊಯ್ದ ಚಪ್ಪಲಿ, ಕಾಲಡಿಯ ಹಸಿ ಮ್ಯಾಟು. "ಮಳಿಯೊಳಗ ಎ.ಸಿ. ಯಾಕ ಬೇಕ್ರಿ" ಎಂದು ಅದನ್ನು ಬಂದ್ ಮಾಡಿ, ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿ ಒತ್ತಿಟ್ಟವರ ಗಾಡಿಯಲ್ಲಿ ಮಬ್ಬು ಇನ್ನೂ ಬೇಗ ಕಟ್ಟುತ್ತದೆ. ಮಳೆಗಾಲದಲ್ಲೇ ಎ.ಸಿ. ಬೇಕು, ಹೊರಗಿನ ಗಾಳಿ ಒಳಗೆ ಬರುವಂತೆ ಬಿಡಬೇಕು ಎಂದು ನಾನು ಪ್ರತಿ ವರ್ಷ ಬರೆಯುತ್ತೇನೆ. ಪ್ರತಿ ವರ್ಷ ಅದೇ ಪ್ರಶ್ನೆ ಬರುತ್ತದೆ!

ಹಿಂದಿನ ಗಾಜಿಗಾಗಿ ಇರುವುದು ಡಿಫಾಗರ್, ಅಂದರೆ ಆ ಕಂದು ಬಣ್ಣದ ಅಡ್ಡಗೆರೆಗಳು. ಹಲವರು ಅದನ್ನು ಗಾಜಿನೊಳಗೆ ಹುದುಗಿಸಿದ ತಂತಿ ಎಂದುಕೊಂಡಿದ್ದಾರೆ. ನಮ್ಮ ಕಾರುಗಳಲ್ಲಿ ಅದು ತಂತಿಯಲ್ಲ, ಬೆಳ್ಳಿಯ ಪುಡಿ ಸೇರಿದ ಲೇಪನ. ಗಾಜು ಸಮತಟ್ಟಾಗಿದ್ದಾಗಲೇ ಅದರ ಒಳಮೈ ಮೇಲೆ ಗೆರೆಗಳನ್ನು ಅಚ್ಚು ಹಾಕಿ, ಗಾಜನ್ನು ಹದಗೊಳಿಸಲು 600 ಡಿಗ್ರಿಗೂ ಮೇಲೆ ಕಾಯಿಸುವಾಗ ಲೇಪನವೂ ಬೆಂದು ಗಾಜಿಗೆ ಕಚ್ಚಿಕೊಳ್ಳುತ್ತದೆ. ಎಡಕ್ಕೊಂದು, ಬಲಕ್ಕೊಂದು ದಪ್ಪ ಪಟ್ಟಿ. ಒಂದಕ್ಕೆ ಕರೆಂಟು ಬರುತ್ತದೆ, ಇನ್ನೊಂದು ಕಾರಿನ ಬಾಡಿಗೆ ಅರ್ಥ್ ಆಗಿರುತ್ತದೆ. ನಡುವಿನ ಗೆರೆಗಳೆಲ್ಲ ಬೇರೆ ಬೇರೆ ದಾರಿಗಳು, ಒಂದು ಹೋದರೆ ಉಳಿದವು ಕೆಲಸ ಮಾಡುತ್ತವೆ. ಜರ್ಮನಿಯ ಹೈಂಜ್ ಕುನರ್ಟ್ ಎಂಬ ಎಂಜಿನಿಯರ್ ಕಂಡುಹಿಡಿದದ್ದೆಂದು ಹೇಳಲಾಗುವ ಈ ವ್ಯವಸ್ಥೆ ಹಿಮ ಬೀಳುವ ನಾಡಿನ ತೊಂದರೆಗೆ ಹುಟ್ಟಿದ್ದು. ಅಲ್ಲಿ ಅದು ಗಾಜಿನ ಹೊರಗಿನ ಮಂಜುಗಡ್ಡೆ ಕರಗಿಸಬೇಕು, ಇಲ್ಲಿ ಹಬೆ ಆರಿಸಿದರೆ ಸಾಕು. ಕೆಲಸ ಹಗುರ ಎನಿಸಿದರೂ ಕರೆಂಟು ಮಾತ್ರ ಹಗುರವಲ್ಲ. ಸಾಮಾನ್ಯ ಕಾರಿನ ಡಿಫಾಗರ್ 150 ವ್ಯಾಟ್ ಆಸುಪಾಸು ಎಳೆಯುತ್ತದೆ, ಅಂದರೆ ಹೆಚ್ಚುಕಡಿಮೆ 12 ಆಂಪಿಯರ್. ಹಳೆ ಮಾದರಿಯ ಎರಡು ಹೆಡ್‌ಲೈಟ್ ಸೇರಿದರೂ 110-120 ವ್ಯಾಟ್ ಅಷ್ಟೇ. ಇದಕ್ಕಾಗಿಯೇ ಎಂಜಿನ್ ಚಾಲೂ ಇಲ್ಲದಿದ್ದರೆ ಅನೇಕ ಕಾರುಗಳಲ್ಲಿ ಡಿಫಾಗರ್ ಹತ್ತುವುದಿಲ್ಲ, ಹತ್ತಿದರೂ 10-20 ನಿಮಿಷಕ್ಕೆ ತಾನೇ ಆರುತ್ತದೆ. "ತನ್ನಷ್ಟಕ್ಕ ತಾನ ಬಂದ್ ಆಗತೈತಿ, ಕೆಟ್ಟೇತಿ" ಎಂದು ಬರೆದವರಿಗೆ ಇಷ್ಟೇ ಉತ್ತರ. ಕೆಟ್ಟಿಲ್ಲ.

ಇನ್ನೊಂದು ಅವಸರದ ತೀರ್ಮಾನವೂ ಉಂಟು. ಒತ್ತಿ ಅರ್ಧ ನಿಮಿಷಕ್ಕೆ ಗಾಜು ಸ್ವಚ್ಛವಾಗದಿದ್ದರೆ ಹೋಯಿತು ಎಂದುಕೊಳ್ಳುವುದು. ಗಾಜಿನ ಮೇಲೆ 10 ಗ್ರಾಂ ನೀರು ಕೂತಿದೆ ಎನ್ನಿ. ಅದನ್ನು ಆವಿ ಮಾಡಲು ಸುಮಾರು 25 ಕಿಲೋಜೌಲ್ ಬೇಕು, 150 ವ್ಯಾಟ್ ಪೂರ್ತಿ ಅದಕ್ಕೇ ಹೋದರೂ ಹತ್ತಿರ ಹತ್ತಿರ ಮೂರು ನಿಮಿಷ. ಗಾಜೂ ಕಾಯಬೇಕು, ಹೊರಗೆ ಮಳೆನೀರು ಅದೇ ಶಾಖವನ್ನು ತೊಳೆದುಕೊಂಡು ಹೋಗುತ್ತಿರುತ್ತದೆ. ಐದರಿಂದ ಹತ್ತು ನಿಮಿಷ ಕೊಡಿ.

ಆ ಹತ್ತು ನಿಮಿಷ ಸುಮ್ಮನೆ ಕಾಯಬೇಡಿ, ಗಾಜನ್ನು ನೋಡುತ್ತ ಕೂಡಿ. ರೋಗ ಯಾವುದು ಎಂದು ಮಬ್ಬೇ ಹೇಳುತ್ತದೆ. ಮೊದಲು ಪ್ರತಿ ಗೆರೆಯ ಅಕ್ಕಪಕ್ಕ ಬೆರಳಗಲ ತಿಳಿಯಾಗುತ್ತದೆ, ಆಮೇಲೆ ಪಟ್ಟೆಗಳು ಕೂಡಿಕೊಳ್ಳುತ್ತವೆ. ಎಲ್ಲ ಕಡೆ ತಿಳಿಯಾಗಿ ಒಂದೋ ಎರಡೋ ಪಟ್ಟೆ ಮಾತ್ರ ಮಬ್ಬಾಗಿ ಉಳಿದರೆ ಆ ಗೆರೆಗಳು ಎಲ್ಲೋ ಹರಿದಿವೆ. ಹರಿದದ್ದು ಎಡತುದಿಯಲ್ಲಿದ್ದರೂ ಇಡೀ ಗೆರೆ ತಣ್ಣಗಿರುತ್ತದೆ, ಏಕೆಂದರೆ ಕರೆಂಟಿಗೆ ಆಚೆ ದಡ ಸೇರುವ ದಾರಿಯೇ ಇಲ್ಲ. ನಡುವೆ ಮೇಲಿಂದ ಕೆಳಕ್ಕೆ ಗೆರೆಗಳನ್ನು ಕೂಡಿಸುವ ಉದ್ದಗೆರೆ ಇದ್ದರೆ ಮಾತ್ರ ತುಂಡು ಭಾಗ ಮಬ್ಬಾಗಿ ಉಳಿಯುತ್ತದೆ. ಇಡೀ ಗಾಜು ಮಬ್ಬಾಗಿಯೇ ಇದ್ದರೆ, ಎಲ್ಲ ಗೆರೆ ಒಂದೇ ದಿನ ಹರಿಯುವುದಿಲ್ಲವಲ್ಲ, ಗಾಜಿಗೆ ಕರೆಂಟೇ ಬರುತ್ತಿಲ್ಲ ಎಂದರ್ಥ. ಎಲ್ಲ ಕಡೆ ತಿಳಿಯಾಗುತ್ತದೆ, ಆದರೆ ಆಮೆ ವೇಗದಲ್ಲಿ ಎಂದರೆ ಅರ್ಥ್ ಸಡಿಲವಾಗಿದೆ ಅಥವಾ ಜೋಡಣೆಗೆ ಹಸಿರು ಕಿಲುಬು ಹಿಡಿದಿದೆ.

ಈ ಮೂರರಲ್ಲಿ ಯಾವುದಕ್ಕೂ ಹೊಸ ಗಾಜು ಮೊದಲ ಮದ್ದಲ್ಲ ಎಂಬುದೇ ನನ್ನ ವಾದ. ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಗರಗದಲ್ಲಿ ಮಗ್ಗದ ಮುಂದೆ ಕೂತವರಿಗಾದರೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಸಿನ ಒಂದು ಎಳೆ ಹರಿದರೆ ಅವರು ಮಗ್ಗ ನಿಲ್ಲಿಸುತ್ತಾರೆ, ಹರಿದ ತುದಿ ಹುಡುಕುತ್ತಾರೆ, ಗಂಟು ಹಾಕಿ ಮುಂದೆ ನೇಯುತ್ತಾರೆ. ಇಡೀ ಹಾಸನ್ನು ಕಿತ್ತೊಗೆಯುವವರನ್ನು ನಾನಂತೂ ಕಂಡಿಲ್ಲ.

ಗಾಜಿಗೆ ಕರೆಂಟೇ ಬಾರದ ಗಾಡಿಯಿಂದ ಶುರುಮಾಡೋಣ, ಅದು ಅಗ್ಗದಲ್ಲಿ ಮುಗಿಯುವ ಸಂಭವ ಜಾಸ್ತಿ. ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಮೇಲೆ, ಇಲ್ಲವೇ ಗಾಡಿಯ ಕೈಪಿಡಿಯಲ್ಲಿ ಹಿಂದಿನ ಡಿಫಾಗರ್ ಫ್ಯೂಸ್ ಯಾವುದೆಂದು ಗುರುತು ಇರುತ್ತದೆ, ಸಾಮಾನ್ಯವಾಗಿ 20 ರಿಂದ 30 ಆಂಪಿಯರ್‌ನದು. ಸುಟ್ಟಿದ್ದರೆ ಅಷ್ಟೇ ಆಂಪಿಯರ್‌ನದನ್ನೇ ಹಾಕಿ. ಸಿಗರೇಟು ಪ್ಯಾಕಿನ ಬೆಳ್ಳಿ ಹಾಳೆ ಸುತ್ತಿದ, ತಾಮ್ರದ ಎಳೆ ತುರುಕಿದ ಫ್ಯೂಸುಗಳನ್ನು ನಾನು ನಮ್ಮ ಕಡೆಯ ಗಾಡಿಗಳಲ್ಲೇ ನೋಡಿದ್ದೇನೆ. ಇಷ್ಟು ಕರೆಂಟು ಹರಿಯುವ ದಾರಿಯಲ್ಲಿ ಆ ಜಾಣತನ ಕಾರಿಗೆ ಬೆಂಕಿ ಹಚ್ಚಬಲ್ಲದು. ಹೊಸ ಫ್ಯೂಸೂ ಸುಟ್ಟರೆ ವೈರ್ ಎಲ್ಲೋ ಬಾಡಿಗೆ ತಾಗುತ್ತಿದೆ. ಆಮೇಲೆ ಕೂಡಿಸಿದ ರಿವರ್ಸ್ ಕ್ಯಾಮೆರಾ, ದೊಡ್ಡ ಸ್ಪೀಕರ್ ಇವುಗಳ ಸ್ಕ್ರೂಗಳನ್ನು ಮೊದಲು ಅನುಮಾನಿಸಿ. ಫ್ಯೂಸ್ ಸರಿ ಇದ್ದರೆ ಬಟನ್ ಒತ್ತಿ ಕಿವಿಗೊಡಿ, ರಿಲೇ ಟಿಕ್ ಎನ್ನಬೇಕು. ಎನ್ನದಿದ್ದರೆ ಅದೇ ಬಗೆಯ ಬೇರೆ ರಿಲೇ ಹಾಕಿ ನೋಡುವುದು ಎರಡು ನಿಮಿಷದ ಕೆಲಸ. ಮತ್ತೆ, ಬಟನ್ನಿನ ದೀಪ ಹತ್ತಿತೆಂದರೆ ಗಾಜಿಗೆ ಕರೆಂಟು ಮುಟ್ಟಿತು ಎಂದಲ್ಲ. ಬಟನ್ ಒತ್ತಿದ್ದೀರಿ ಎಂಬುದಕ್ಕಷ್ಟೇ ಆ ದೀಪ ಸಾಕ್ಷಿ.

ಡಿಕ್ಕಿಯ ಬಾಗಿಲಿಗೇ ಗಾಜು ಇರುವ ಸಣ್ಣ ಕಾರುಗಳಲ್ಲಿ ನಾನು ಮೊದಲು ನೋಡುವುದು ಬೇರೆ ಜಾಗ. ಬಾಗಿಲ ಮೇಲ್ತುದಿಯಲ್ಲಿ, ಕೀಲಿನ ಪಕ್ಕ ಸುಕ್ಕುಸುಕ್ಕಾದ ರಬ್ಬರ್ ಕೊಳವೆ ಇರುತ್ತದಲ್ಲ, ವೈರುಗಳೆಲ್ಲ ಅದರೊಳಗಿಂದ ಹೋಗುತ್ತವೆ. ಡಿಕ್ಕಿ ತೆರೆದಾಗ ಮಡಚಿ, ಮುಚ್ಚಿದಾಗ ಬಿಚ್ಚಿ, ವರ್ಷಗಟ್ಟಲೆ ಇದೇ ನಡೆದು ತಾಮ್ರ ಒಳಗೊಳಗೇ ತುಂಡಾಗುತ್ತದೆ. ಹೊರಗಿನ ಪ್ಲಾಸ್ಟಿಕ್ ನೋಡಲು ಸರಿಯಾಗೇ ಇರುತ್ತದೆ. ನಂಬರ್ ಪ್ಲೇಟಿನ ದೀಪ, ಹಿಂದಿನ ವೈಪರ್ ಕೂಡ ಆಗಾಗ ಕೈಕೊಡುತ್ತಿದ್ದರೆ ಜಾಗ ಇದೇ ಎಂದು ಹೆಚ್ಚುಕಡಿಮೆ ಖಾತ್ರಿ. ರಬ್ಬರ್ ಸರಿಸಿ ಒಂದೊಂದೇ ವೈರನ್ನು ಮೆಲ್ಲಗೆ ಎಳೆದು ನೋಡಿದರೆ ಹರಿದದ್ದು ಕೈಗೇ ಬರುತ್ತದೆ. ಅಷ್ಟೇ ದಪ್ಪದ, ಬಾಗುವ ವೈರಿನ ತುಂಡು ಕೂಡಿಸಿ ಬೆಸುಗೆ ಹಾಕಿಸಬೇಕು. ತಿರುಚಿ ಟೇಪು ಸುತ್ತಿದ ಜೋಡಣೆ ಮುಂದಿನ ಮಳೆಗಾಲ ಕಾಣುವುದಿಲ್ಲ.

ಇನ್ನು ಗಾಜಿನ ಅಂಚು. ದಪ್ಪ ಪಟ್ಟಿಗೆ ಬೆಸುಗೆ ಹಾಕಿದ ಚಿಕ್ಕ ಲೋಹದ ತಗಡು, ಅದಕ್ಕೆ ಸಿಕ್ಕಿಸಿದ ವೈರು. ಒಳಗಿಂದ ಗಾಜು ಒರೆಸುವಾಗ ಬಟ್ಟೆ ಸಿಕ್ಕಿ, ಸಾಮಾನು ತಾಗಿ ಆ ತಗಡು ಕಿತ್ತು ಬರುತ್ತದೆ. ವೈರು ನೇತಾಡುವುದು ಕಂಡ ಕೂಡಲೇ ಫೆವಿಕ್ವಿಕ್, ಎಂ-ಸೀಲ್ ತಂದು ಅಂಟಿಸುವುದು ನಮ್ಮ ಜನರ ಮೊದಲ ಪ್ರತಿಕ್ರಿಯೆ. ಗಟ್ಟಿಯಾಗಿ ಕೂಡುತ್ತದೆ ನಿಜ, ಆದರೆ ಎರಡೂ ಕರೆಂಟನ್ನು ಹಾಯಿಸುವುದಿಲ್ಲ. ಬೇಕಿರುವುದು ಬೆಳ್ಳಿ ಸೇರಿದ, ವಿದ್ಯುತ್ ಹಾಯಿಸುವ ಎರಡು ಭಾಗದ ಎಪಾಕ್ಸಿ ಅಂಟು, ಇಲ್ಲವೇ ಕೈಪಳಗಿದವರ ಸೋಲ್ಡರಿಂಗ್. ಸೋಲ್ಡರಿಂಗ್‌ಗೆ ತುಸು ಬೆಳ್ಳಿ ಬೆರೆತ ಸೋಲ್ಡರ್ ತಂತಿ ಒಳ್ಳೆಯದು. ಗಾಜನ್ನು ಮೊದಲು ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿಕೊಂಡು ಕ್ಷಣದಲ್ಲಿ ಮುಗಿಸಬೇಕು. ತಣ್ಣನೆ ಗಾಜಿಗೆ ಕಾದ ಕಬ್ಬಿಣ ಹಿಡಿದು ನಿಂತರೆ ಹದಗೊಳಿಸಿದ ಗಾಜು ಪುಡಿಪುಡಿಯಾಗಿ ಉದುರಬಹುದು, ಆಗ ಗ್ಯಾರೇಜಿನವರ ಮಾತೇ ನಿಜವಾಗುತ್ತದೆ.

ಹರಿದ ಗೆರೆಯನ್ನು ಹುಡುಕಲು ಬೇಕಾದ ಸಾಧನ ಮಲ್ಟಿಮೀಟರ್. ಎಂಜಿನ್ ಚಾಲೂ ಮಾಡಿ ಡಿಫಾಗರ್ ಒತ್ತಿ, ಮೀಟರಿನ ಕಪ್ಪು ವೈರನ್ನು ಕಾರಿನ ಬಾಡಿಯ ಲೋಹಕ್ಕೆ ಹಿಡಿಯಿರಿ. ಕೆಂಪು ವೈರಿನ ಮೊನೆ ಗೆರೆಯನ್ನು ಗೀರದಂತೆ ಅದಕ್ಕೆ ಅಲ್ಯುಮಿನಿಯಂ ಹಾಳೆ ಸುತ್ತಿಕೊಳ್ಳಿ. ಮೊದಲು ಎರಡು ಅಂಚಿನ ಪಟ್ಟಿಗಳು. ವೈರನ್ನಲ್ಲ, ಗಾಜಿನ ಮೇಲಿನ ಪಟ್ಟಿಯನ್ನೇ ಮುಟ್ಟಬೇಕು. ಒಂದು ಕಡೆ 13-14 ವೋಲ್ಟ್, ಇನ್ನೊಂದು ಕಡೆ ಸೊನ್ನೆಯ ಹತ್ತಿರ ಬಂದರೆ ಎಲ್ಲ ಸರಿ. ಎರಡೂ ಕಡೆ 13 ಬಂದರೆ ಅರ್ಥ್ ತಪ್ಪಿದೆ, ಎರಡೂ ಕಡೆ ಸೊನ್ನೆ ಬಂದರೆ ಕರೆಂಟು ಗಾಜಿಗೆ ಮುಟ್ಟಿಯೇ ಇಲ್ಲ. ಅನಂತರ ಅನುಮಾನದ ಗೆರೆಯ ಮೇಲೆ ಕೆಂಪು ಮೊನೆಯನ್ನು ಕರೆಂಟಿನ ಕಡೆಯಿಂದ ಸ್ವಲ್ಪ ಸ್ವಲ್ಪ ಸರಿಸುತ್ತ ಬನ್ನಿ. ಸರಿ ಇರುವ ಗೆರೆಯಲ್ಲಿ ವೋಲ್ಟ್ ನಿಧಾನಕ್ಕೆ ಇಳಿಯುತ್ತದೆ, ನಡುಗಾಜಿನಲ್ಲಿ 6-7 ತೋರಿಸುತ್ತದೆ. ಹರಿದ ಗೆರೆಯಲ್ಲಿ 13 ಹಾಗೇ ಇದ್ದು ಒಂದು ಕಡೆ ಥಟ್ಟನೆ ಸೊನ್ನೆಗೆ ಬೀಳುತ್ತದೆ. ಆ ಎರಡು ಬಿಂದುಗಳ ನಡುವೆಯೇ ಬಿರುಕು. ಕಣ್ಣಿಗೆ ಕಾಣದಷ್ಟು ಸಣ್ಣದಿರಬಹುದು, ಮೊಬೈಲ್ ಟಾರ್ಚನ್ನು ಹೊರಗಿನಿಂದ ಹಿಡಿಸಿದರೆ ಬೆಳಕಿನ ಚುಕ್ಕೆಯಂತೆ ಕಂಡೀತು. ಗಾಜಿನ ಹೊರಗೆ ಮಾರ್ಕರ್‌ನಿಂದ ಗುರುತು ಹಾಕಿಕೊಳ್ಳಿ.

ಬಿರುಕಿನ ಮೇಲೆ ಹಚ್ಚುವುದು ಬೆಳ್ಳಿ ಬೆರೆತ ವಿದ್ಯುತ್‌ವಾಹಕ ಪೇಂಟ್. ಹುಬ್ಬಳ್ಳಿ, ಧಾರವಾಡದ ಇಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೇಳಿ, ಸಿಗದಿದ್ದರೆ ಆನ್‌ಲೈನಿನಲ್ಲಿ ಚಿಕ್ಕ ಸೀಸೆ ತರಿಸಬಹುದು. ಜಾಗವನ್ನು ಸ್ಪಿರಿಟ್‌ನಿಂದ ಒರೆಸಿ ಒಣಗಿಸಿ, ಗೆರೆಯ ಮೇಲೊಂದು ಕೆಳಗೊಂದು ಟೇಪು ಅಂಟಿಸಿ ಗೆರೆಯಷ್ಟೇ ಅಗಲದ ಸಂದು ಬಿಡಿ. ಬಿರುಕಿನ ಎರಡೂ ಬದಿಗೆ ಗಟ್ಟಿ ಗೆರೆಯ ಮೇಲೂ ಸ್ವಲ್ಪ ಹತ್ತುವಂತೆ ಬಳಿಯಿರಿ. ಆರಿದ ಮೇಲೆ ಇನ್ನೊಂದು ಕೈ, ಬೇಕಾದರೆ ಮತ್ತೊಂದು. ಪೂರ್ತಿ ಒಣಗುವ ಮೊದಲೇ ಟೇಪನ್ನು ಮೆಲ್ಲಗೆ ತೆಗೆಯಿರಿ, ತಡಮಾಡಿದರೆ ಅದರೊಂದಿಗೆ ಪೇಂಟೂ ಕಿತ್ತು ಬರುತ್ತದೆ. ಒಂದು ಇಡೀ ದಿನ ಡಿಫಾಗರ್ ಒತ್ತಬೇಡಿ. ಇಲ್ಲಿ ತಾಳ್ಮೆ ಸೋಲುವವರೇ ಹೆಚ್ಚು, ಹಸಿ ಪೇಂಟಿನ ಮೇಲೆ ಕರೆಂಟು ಹರಿದು ಅದೇ ಜಾಗ ಮತ್ತೆ ಸುಡುತ್ತದೆ. ಇದು ಒಂದು ಇಂಚಿನೊಳಗಿನ ಬಿರುಕಿಗೆ ಹೇಳಿದ ಮಾತು. ಗೇಣುದ್ದ ಅಳಿಸಿಹೋದ ಗೆರೆಯನ್ನು ಬಳಿದು ಎಬ್ಬಿಸುವುದು ಬಾಳಿಕೆಯ ಕೆಲಸವಲ್ಲ.

ಅಷ್ಟುದ್ದ ಅಳಿಸಿಹೋಗುವುದು ಹೇಗೆ? ಬಹುಮಟ್ಟಿಗೆ ಬ್ಲೇಡಿನಿಂದ. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ನಿಷೇಧಿಸಿದಾಗ ಊರೂರಲ್ಲಿ ಪೊಲೀಸರು ಗಾಡಿ ನಿಲ್ಲಿಸಿ ಫಿಲ್ಮ್ ಕೀಳಿಸಿದರು. ರಸ್ತೆಬದಿಯಲ್ಲಿ ಅವಸರದಿಂದ ಕೆರೆದ ಗಾಜುಗಳಲ್ಲಿ ಫಿಲ್ಮ್ ಜೊತೆ ಗೆರೆಗಳೂ ಹೋದವು. ಆ ಕಾಲದ ಕಾರುಗಳು ಕೈಬದಲಾಗಿ ಈಗ ಹಳ್ಳಿಗಳಲ್ಲಿ ಓಡುತ್ತಿವೆ. ಹಳೆ ಗಾಡಿ ಕೊಂಡವರು ಡಿಫಾಗರ್ ಕೆಟ್ಟಿದೆ ಎಂದಾಗ ನಾನು ಮೊದಲು ಕೇಳುವುದೇ "ಹಿಂದ ಫಿಲ್ಮ್ ಇತ್ತೇನ್ರಿ?" ಎಂದು. ಫಿಲ್ಮ್ ಅಂಟುವುದು ಗಾಜಿನ ಒಳಮೈಗೆ, ಗೆರೆ ಇರುವುದೂ ಅಲ್ಲೇ. "ಶ್ರೀ ಮಡಿವಾಳೇಶ್ವರ ಪ್ರಸನ್ನ", ಸಂಗೊಳ್ಳಿ ರಾಯಣ್ಣನ ಚಿತ್ರ, ಮಕ್ಕಳ ಹೆಸರು ಇವೆಲ್ಲ ಹೊರಗಿರುವುದರಿಂದ ಗೆರೆಗೆ ತೊಂದರೆಯಿಲ್ಲ. ಹಿಂದಿನದು ಕಾಣಿಸುವುದೋ ಇಲ್ಲವೋ ಎಂಬ ಪ್ರಶ್ನೆ ಬೇರೆ, ಅದನ್ನು ಎತ್ತಿದರೆ ಮಡಿವಾಳಜ್ಜನ ಭಕ್ತರ ಸಿಟ್ಟಿಗೆ ಗುರಿಯಾಗುತ್ತೇನೆ. ಒಳಗಿನ ಫಿಲ್ಮ್ ತೆಗೆಯಲೇಬೇಕಾದರೆ ಗಾಡಿಯನ್ನು ಬಿಸಿಲಿಗೆ ನಿಲ್ಲಿಸಿ, ಸೋಪಿನ ನೀರು ಸಿಂಪಡಿಸಿ, ಗೆರೆ ಹೋದ ದಿಕ್ಕಿನಲ್ಲೇ ನಿಧಾನಕ್ಕೆ ಸುಲಿಯಿರಿ. ಉಳಿದ ಅಂಟನ್ನು ಒದ್ದೆ ಬಟ್ಟೆಯಿಂದ ನೆನೆಸಿ ಒರೆಸಬೇಕು.

ಬ್ಲೇಡಿನ ನಂತರದ ಶತ್ರು ಸಾಮಾನು. ಮಾವಿನ ಸುಗ್ಗಿಯಲ್ಲಿ ಹಿಂದಿನ ಸೀಟು ಮಡಚಿ ಪ್ಲಾಸ್ಟಿಕ್ ಕ್ರೇಟು ಪೇರಿಸಿಕೊಂಡು ಧಾರವಾಡಕ್ಕೆ ಓಡಾಡಿದ ಒಂದು ಗಾಡಿಯಲ್ಲಿ ಮೂರು ಗೆರೆಗಳು ಒಂದರ ಕೆಳಗೊಂದು, ಗೆರೆ ಎಳೆದಂತೆ ಒಂದೇ ನೇರಕ್ಕೆ ಹರಿದಿದ್ದವು. ಕ್ರೇಟಿನ ಮೂಲೆ ರಸ್ತೆಯ ಪ್ರತಿ ಗುಂಡಿಗೂ ಅಲ್ಲೇ ಉಜ್ಜಿತ್ತು. ನಡುವೆ ಒಂದು ಗೋಣಿಚೀಲ ಇಳಿಬಿಟ್ಟಿದ್ದರೆ ಸಾಕಿತ್ತು.

ಹೊಸ ಗಾಜು ಬೇಕೇ ಬೇಕಾದ ಗಾಡಿಗಳೂ ಇವೆ. ಗೆರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೆರೆದು ಹೋಗಿದ್ದರೆ, ಅಂಚಿನ ಪಟ್ಟಿಯೇ ಸುಟ್ಟು ಕಪ್ಪಾಗಿದ್ದರೆ ಪೇಂಟಿನಿಂದ ಆಗುವುದೇನಿಲ್ಲ. ಹಾಗೆ ಬದಲಿಸುವಾಗ ಒಂದು ಎಚ್ಚರ. ಒಂದೇ ಮಾದರಿಯ ಕಾರಿಗೆ ಗೆರೆ ಇಲ್ಲದ ಗಾಜೂ ಬರುತ್ತದೆ, ಏಕೆಂದರೆ ಕೆಳದರ್ಜೆಯ ಮಾದರಿಗಳಿಗೆ ಕಂಪನಿಗಳು ಡಿಫಾಗರ್ ಕೊಡುವುದಿಲ್ಲ. ನನ್ನನ್ನು ಕೇಳಿದರೆ ಮಲೆನಾಡಿನ ಅಂಚಿನಲ್ಲಿರುವ ನಮ್ಮಂಥವರಿಗೆ ಹಾಡಿನ ಪರದೆಗಿಂತ ಇದೇ ಮೊದಲು ಬೇಕು. ಗೆರೆ ಇಲ್ಲದ್ದು ಅಗ್ಗ, ಅಳತೆಗೂ ಸರಿಯಾಗಿ ಕೂಡುತ್ತದೆ, ಕೂಡಿಸಿ ಕಳಿಸಿದರೆ ಗೊತ್ತಾಗುವುದು ಮಳೆ ಬಂದಾಗಲೇ. ಕೆಲವು ಕಾರುಗಳಲ್ಲಿ ಇದೇ ಗಾಜಿನ ಗೆರೆಗಳು ರೇಡಿಯೋದ ಆಂಟೆನಾ ಕೂಡ ಹೌದು, ಆಗ ಧಾರವಾಡ ಆಕಾಶವಾಣಿಯೂ ಬಂದ್. ಆರ್ಡರ್ ಕೊಡುವಾಗಲೇ ಗೆರೆ ಇರುವ ಗಾಜು ಬೇಕೆಂದು ಬರೆಸಿ, ಕೂಡಿಸಿದ ಮೇಲೆ ವೈರು ಸಿಕ್ಕಿಸಿದ್ದಾರೆಯೇ ನೋಡಿ, ಅಲ್ಲೇ ನಿಂತು ಡಿಫಾಗರ್ ಒತ್ತಿ, ಐದು ನಿಮಿಷ ಬಿಟ್ಟು ಒಳಗಿಂದ ಗೆರೆಯ ಮೇಲೆ ಅಂಗೈ ಇಟ್ಟು ಬೆಚ್ಚಗಿದೆಯೇ ಎಂದು ಖಾತ್ರಿ ಮಾಡಿಕೊಂಡ ಮೇಲೆ ದುಡ್ಡು ಎಣಿಸಿ.